ನಮ್ಮ ಪರೀಕ್ಷಾ ವಿಭಾಗ

ಎಲ್ಲ ಅನರ್ಥಕ್ಕೂ ಮೂಲ ಅವನು ತನ್ನ ವೆಬ್‌ಸೈಟಿನಲ್ಲಿ ಬರೆದುಕೊಂಡ ಎರಡು ಸಾಲು. ಒಂಟಿ ಮನುಷ್ಯನನ್ನು ನಂಬಿ ಸಾಫ್ಟ್‌ವೇರ್ ಕೆಲಸ ಯಾರು ಕೊಡುತ್ತಾರೆ ಎಂದು ಹೆದರಿ, 'ನಮ್ಮ ಗ್ರಾಹಕ ಸೇವೆ', 'ನಮ್ಮ ಪರೀಕ್ಷಾ ವಿಭಾಗ' ಎಂದೆಲ್ಲ ಧಾರಾಳವಾಗಿ ಹಾಕಿಕೊಂಡಿದ್ದ. ಎರಡೂ ವಿಭಾಗಗಳಲ್ಲಿ ಇದ್ದವನು ಅವನೊಬ್ಬನೇ.

ಆಫೀಸು ಬಿಟ್ಟು ಮೂರು ತಿಂಗಳಾಗಿತ್ತು. ಅಲ್ಲಿನ ಮ್ಯಾನೇಜರ್ ಗಂಟೆಗೊಮ್ಮೆ ಬೆನ್ನ ಹಿಂದೆ ಬಂದು ನಿಂತು "ಎಲ್ಲಿಗೆ ಬಂತು?" ಎನ್ನುತ್ತಿದ್ದ. ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲವೆಂದು ಎದೆಯುಬ್ಬಿಸಿ ಹೊರಬಂದವನಿಗೆ ಈವರೆಗೆ ಒಂದು ನರಪಿಳ್ಳೆಯೂ ಕೆಲಸ ಕೊಟ್ಟಿರಲಿಲ್ಲ. ಬೆಳಗ್ಗೆ ಏಳುವುದಕ್ಕೇ ಬೇಸರವಾಗುತ್ತಿತ್ತು. ಹಳೆಯ ಜಾಗ ಇನ್ನೂ ಖಾಲಿಯಿದೆ, ಇವತ್ತು ಫೋನ್ ಮಾಡುತ್ತೇನೆ, ಬರುವುದಾದರೆ ಹೇಳು ಎಂದು ಮ್ಯಾನೇಜರ್ ಆ ದಿನ ಬೆಳಗ್ಗೆ ಸಂದೇಶ ಕಳಿಸಿದ್ದ.

"ಇವತ್ತೂ ಕೆಲಸ ಸಿಗ್ಲಿಲ್ಲ ಅಂದ್ರೆ ಬಾಯ್ಮುಚ್ಕೊಂಡು ಹೂಂ ಅನ್ನಿ," ಎಂದು ಹೇಳಿ ಹೆಂಡತಿ ತನ್ನ ಕೆಲಸಕ್ಕೆ ಹೋಗಿದ್ದಳು.

ಹತ್ತು ಗಂಟೆಗೆ ಔಷಧಿ ಗೋದಾಮಿನ ಒಡತಿಯ ಫೋನ್ ಬಂತು. ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಅವರಿಗೆ ಬೇಕಿತ್ತು. ಹಿಂದಿನ ವಾರ ಅವರು ವಿಚಾರಿಸಿದ್ದರಿಂದ ಇವನು ಒಂದು ಮಾದರಿಯನ್ನೂ ಮಾಡಿಟ್ಟಿದ್ದ.

"ಹನ್ನೊಂದಕ್ಕೆ ನಿಮ್ಮ ಆಫೀಸಿಗೇ ಬರ್ತೀನಿ. ನಿಮ್ಮ ಜನಾನೂ ನೋಡಿದ ಹಾಗಾಗುತ್ತೆ."

ಆಫೀಸೆಂದರೆ ಅವನ ಮನೆಯೇ. ಇದ್ದ ಒಂದು ಗಂಟೆಯಲ್ಲಿ ಊಟದ ಮೇಜನ್ನು ನಡುಮನೆಗೆ ಎಳೆದ. ಮನೆಯಲ್ಲೇ ಇದ್ದ ಅತ್ತೆಯ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ತನ್ನ ಮೊಬೈಲನ್ನು ಕೈಗಿತ್ತು ಗ್ರಾಹಕ ಸೇವೆಗೆ ಕೂರಿಸಿದ. "ಯಾರೇ ಫೋನ್ ಮಾಡಿದ್ರೂ ಗತ್ತಾಗಿ ಮಾತಾಡಿ ಅತ್ತೆ," ಎಂದ. ಪರೀಕ್ಷಾ ವಿಭಾಗಕ್ಕೆ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರನ್ನು ಕಾಡಿ ಬೇಡಿ ಕರೆತಂದ.

"ನೀವೇನೂ ಮಾಡ್ಬೇಡಿ ಮೇಷ್ಟ್ರೇ. ಸ್ಕ್ರೀನ್ ನೋಡ್ತಾ ತಲೆ ಆಡಿಸಿ, ಸಾಕು."

"ಓದದೇ ಇರೋ ಪೇಪರಿಗೆ ನಾನು ಯಾವತ್ತೂ ಮಾರ್ಕ್ಸ್ ಹಾಕಿದವನಲ್ಲಪ್ಪಾ," ಎಂದು ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಒಡತಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇವನು ಸ್ವಾಗತಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೂಗಿದರು: "ಅಳಿಯಂದ್ರೇ, ಹಾಲು ಉಕ್ತಾ ಇದೆ!"

"ಅಳಿಯಂದ್ರಾ?" ಒಡತಿಯ ಹುಬ್ಬು ಮೇಲೇರಿತು.

"ನಮ್ಮ ಕಂಪನೀಲಿ ಎಲ್ರೂ ಒಂದೇ ಮನೆಯವರ ಥರ, ಮೇಡಂ," ಎನ್ನುತ್ತ ಅವನು ಅಡುಗೆಮನೆಗೆ ಓಡಿದ.

ಒಲೆ ಆರಿಸಿ ಬರುವಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಮೇಷ್ಟ್ರು ಮೌಸ್ ಹಿಡಿದು ಕೂತಿದ್ದರು.

"ಮೈನಸ್ ನಲವತ್ತು ಬಾಟ್ಲಿ ಅಂತ ಒತ್ತಿದೆ, ತಗೊಂಡ್ಬಿಡ್ತು. ಅಷ್ಟು ಬಾಟ್ಲೀನ ಯಾವ ಕಪಾಟಲ್ಲಿ ಇಡ್ತೀಯಪ್ಪಾ?"

"ಮೇಷ್ಟ್ರೇ, ಅದು ಬರೀ ಮಾದರಿ..."

"ಈ ಮಾತ್ರೆ ಕೆಡೋ ತಾರೀಖು ಫೆಬ್ರವರಿ ಮೂವತ್ತು ಅಂತ ಹಾಕ್ದೆ. ಅದಕ್ಕೂ ಸರಿ ಅಂತು. ಆ ದಿನ ಬರೋದು ಯಾವಾಗ, ಇದು ಕೆಡೋದು ಯಾವಾಗ?"

ಅವನಿಗೆ ಅಳುವೇ ಬಂತು. ಮೂರು ತಿಂಗಳ ಆಸೆ ಕಣ್ಣೆದುರೇ ನೀರುಪಾಲಾಗುತ್ತಿತ್ತು. ಮೇಷ್ಟ್ರು ಮಾತ್ರ ಜೇಬಿನ ಕೆಂಪು ಪೆನ್ನು ತೆಗೆದು ತಪ್ಪುಗಳನ್ನು ಒಂದೊಂದಾಗಿ ಹಾಳೆಗಿಳಿಸುತ್ತಿದ್ದರು. ಹದಿನೇಳಾದವು.

ಅಷ್ಟರಲ್ಲಿ ಮೊಬೈಲ್ ಹೊಡೆದುಕೊಂಡಿತು. ಅತ್ತೆ ಗತ್ತಾಗಿಯೇ ಕೇಳಿಸಿಕೊಂಡು, "ಇಲ್ಲಿ ಯಾರಿಗೂ ನಿಮ್ಮ ಜಾಗ ಬೇಕಾಗಿಲ್ಲ. ಇನ್ನೊಂದ್ಸಲ ಫೋನ್ ಮಾಡ್ಬೇಡಿ," ಎಂದು ಇಟ್ಟರು.

"ಯಾರತ್ತೆ?"

"ಯಾರೋ ಮ್ಯಾನೇಜರಂತೆ. ಕೆಲಸ ಕೊಡ್ತೀನಿ ಅಂತಿದ್ದ. ಚೆನ್ನಾಗಿ ಉಗಿದೆ."

ಹಳೆಯ ಕೆಲಸಕ್ಕೆ ಮರಳಲು ಆ ದಾರಿಯೂ ಉಳಿಯಲಿಲ್ಲ. ಒಡತಿ ಎದ್ದು ನಿಂತರು. ಎಲ್ಲ ಮುಗಿಯಿತೆಂದು ಅವನು ತಲೆ ತಗ್ಗಿಸಿದ.

"ಐದು ಕಂಪನಿ ನೋಡಿದ್ದೀನಿ. ತಮ್ಮ ತಪ್ಪನ್ನ ನನ್ನ ಮುಂದೇನೇ ತೆಗೆದು ತೋರಿಸಿದ್ದು ನೀವು ಮಾತ್ರ. ಕೆಲಸ ನಿಮಗೇ. ಆದ್ರೆ ದಿನಾ ಮಾಡಿದ್ದನ್ನೆಲ್ಲಾ ಈ ಮೇಷ್ಟ್ರು ನೋಡ್ಬೇಕು. ಇವರ ಸಹಿ ಇಲ್ದೆ ನನ್ನ ಹತ್ರ ಏನೂ ಬರಬಾರ್ದು."

ಕರಾರು ಎರಡು ವರ್ಷದ್ದು. ಆ ಷರತ್ತನ್ನು ಅದರಲ್ಲೇ ಬರೆಸಿ, ಸಹಿ ಹಾಕಿಸಿಕೊಂಡು ಒಡತಿ ಹೊರಟರು. ಕೆಂಪಕ್ಷರದ ಹಾಳೆಯನ್ನು ಅವನ ಕೈಗಿಟ್ಟು ಮೇಷ್ಟ್ರೂ ತಮ್ಮ ಮನೆಗೆ ಹೋದರು. ಅವನು ಗೋಡೆಗೊರಗಿ ಕುಸಿದು ಕೂತ. ಏನೇ ಆಗಲಿ, ತನ್ನದೇ ಕೆಲಸ, ತನ್ನದೇ ಮನೆ, ತನಗೆ ತಾನೇ ಯಜಮಾನ. ಹಾಗೆಂದುಕೊಂಡು ಐದು ನಿಮಿಷ ಕಣ್ಣು ಮುಚ್ಚಿದ.

ಬೆನ್ನ ಹಿಂದಿನ ಗೋಡೆಯನ್ನು ಆ ಕಡೆಯಿಂದ ಯಾರೋ ಕುಟ್ಟಿದರು.

"ಏನಪ್ಪಾ, ಕೀಬೋರ್ಡ್ ಸದ್ದೇ ಕೇಳಿಸ್ತಿಲ್ವಲ್ಲ?"