ಬರೆಯದೆ ಬಿಟ್ಟ ಹೋಳಿಗೆ

“ಗೌರಿ ಹುಣ್ಣಿಮೆ, ಬುಧವಾರ. ಯಜಮಾನರ ಶುಗರ್ ಇನ್ನೂರಾ ನಲವತ್ತು. ಕಾರಣ: ಆನೆ.”

ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಬಿ.ಎಸ್‌ಸಿ. ಓದಿದವಳು ನಾನು, ಹನ್ನೊಂದು ವರ್ಷ ಅವರ ಶುಗರನ್ನು ಒಂದು ದಿನವೂ ತಪ್ಪದೆ ಬರೆದೆ. ನಮ್ಮ ಕುಂದಗೋಳದ ಕಡೆ ಸಿಹಿಯಿಲ್ಲದೆ ಯಾವ ಕಾರ್ಯವೂ ಆಗುವುದಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇದ್ದವು.

ಆನೆ

ನಿಶ್ಚಯವಾದ ಹುಡುಗಿಗೆ ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು ಸಕ್ಕರೆ ಆರತಿ ತರುತ್ತಾರೆ: ಅಚ್ಚಿನಲ್ಲಿ ಎರೆದ ಗಿಳಿ, ಗೋಪುರ, ಆನೆ. ಮೊಮ್ಮಗಳಿಗೆ ಬೆಳಿಗ್ಗೆ ಬಂದದ್ದನ್ನು ಸಂಜೆ ಬೀಗರ ಎದುರಿಗೇ ತೆಗೆದರೆ, ಆನೆಗೆ ಸೊಂಡಿಲಿಲ್ಲ. ಮುಕ್ಕಾದದ್ದನ್ನು ಬೆಳಗುವಂತಿಲ್ಲ.

“ಇರಿವಿ ತಿಂದಾವ್ರಿ,” ಎಂದರು ಇವರು.

ಬೀಗಿತ್ತಿ ಆನೆಯನ್ನು ಬೆಳಕಿಗೆ ಹಿಡಿದು ನೋಡಿದರು. “ನಿಮ್ಮೂರ ಇರಿವಿ ಹಲ್ಲಿನ ಸೆಟ್ ಹಾಕ್ಕೊಂತಾವೇನ್ರಿ?”

ಓದಿಸಿದ ಸಕ್ಕರೆ

ಬಾಜು ಮನೆಯ ಸೊಸೆ ಯಮನೂರು ದರ್ಗಾದಲ್ಲಿ ಫಾತಿಹಾ ಹೇಳಿಸಿ ಸಕ್ಕರೆ ಓದಿಸಿ ತಂದಳು. ತಗೊಳ್ಳುವುದು ಒಂದು ಚಿಟಿಕೆ. ಇವರು ಬೊಗಸೆ ಒಡ್ಡಿದರು.

“ಯಾರ ಸಲುವಾಗಿ ಓದಿಸೀಯವಾ?” ಎಂದೆ.

“ಕಾಕಾರ ಸಲುವಾಗೇರಿ ಕಾಕೂ. ಸಕ್ಕರಿ ಬ್ಯಾನಿ ಇಳೀಲಿ ಅಂತ.”

“ಕೇಳಿದೇನು?” ಎಂದರು ನನಗೆ, ಬಾಯಿ ತುಂಬಿಕೊಂಡೇ. “ಇದು ಔಷಧ. ಡೋಸ್ ತಪ್ಪಿಸಬಾರದು.”

ಕಾಗೆ

ಆ ಚಳಿಗಾಲ ಡಾಕ್ಟರು ಅವರ ಎಡಗಾಲಿನ ಎರಡು ಬೆರಳು ತೆಗೆದರು. ಅದನ್ನೂ ಬರೆದೆ.

ಕೊನೆಯ ವಾರ ಆಸ್ಪತ್ರೆಯಲ್ಲಿ, “ಒಂದ ಹೋಳಿಗಿ ಕೊಡ. ಅದೊಂದ ಬರೀಬ್ಯಾಡ,” ಎಂದರು.

“ಶುಗರ್ ಇಳೀಲಿ, ಕೊಡ್ತೀನ್ರಿ,” ಎಂದೆ. ಅದು ಇಳಿಯಲಿಲ್ಲ.

ಅವರು ಹೋದ ಹನ್ನೊಂದನೆಯ ದಿನ ಮಾಳಿಗೆಯ ಮೇಲೆ ಎಡೆ ಇಟ್ಟೆವು: ಅನ್ನ, ಕಡಬು, ಹೋಳಿಗೆ. ಕಾಗೆ ಬಂದು ನೀರಿನ ಟ್ಯಾಂಕಿನ ಮೇಲೆ ಕುಳಿತಿತು, ಇಳಿಯಲೊಲ್ಲದು. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ ಎಂದು ನಮ್ಮವರ ನಂಬಿಕೆ.

“ಮಗಳ ಮದುವಿ ಛಂದಾಗಿ ಮಾಡ್ತೀನಪಾ,” ಎಂದ ಮಗ. ಕಾಗೆ ಕದಲಲಿಲ್ಲ.

“ಬದುವಿನ ತಕರಾರು ಬಿಟ್ಟೆ ಅಣ್ಣಾ, ಆ ಎರಡು ಮೊಳ ನಿಂದ,” ಎಂದ ಮೈದುನ. ಕಾಗೆ ಬೆನ್ನು ತಿರುಗಿಸಿತು.

ಇಂಥದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಕೆಳಗಿಳಿದು ಡೈರಿ ತಂದೆ, ಎಲ್ಲರೆದುರು ಮುಚ್ಚಿ ಹಿಡಿದೆ. “ತಿನ್ರಿ. ನಾ ಬರಿಯೂದಿಲ್ಲ.”

ಕಾಗೆ ಇಳಿಯಿತು. ಅನ್ನ ದಾಟಿ, ಕಡಬು ದಾಟಿ, ಹೋಳಿಗೆಯನ್ನೇ ಕಚ್ಚಿಕೊಂಡು ಹಾರಿತು.

“ಅಗದಿ ನಮ್ಮ ಕಾಕಾನ ನೋಡ್ರಿ!” ಎಂದಳು ಬಾಜು ಮನೆಯ ಸೊಸೆ. ಮಾಳಿಗೆಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಈ ಸಿಹಿಗೆಲ್ಲ ಕೊನೆಗೆ ತಗಲಿದ ಖರ್ಚು ಇಷ್ಟು: ಸಕ್ಕರೆ ಆನೆಯ ಸೊಂಡಿಲು ಒಂದು, ಕಾಲ್ಬೆರಳು ಎರಡು, ಕೇಳಿದ ದಿನ ಕೊಡದ ಹೋಳಿಗೆ ಒಂದು.