ಭಾವನಿಗೆ ಧಕ್ಕೆ

ಪಕ್ಕದ ಮನೆಯಾಕೆ ಬೆಳ್ಳಂಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಮೊಬೈಲು ಚಾಚಿ, "ನೋಡ್ರೀ, ನಿಮ್ಮೆಜಮಾನ್ರ ಆಫೀಸಿನ ಹೊಸ ಗೇಮ್ ಬಂದಿದೆ, ಹೆಸರು ನೋಡಿ ನಕ್ಕು ನಕ್ಕು ಸಾಕಾಯ್ತು" ಅನ್ನದೇ ಇದ್ದಿದ್ದರೆ ಆ ದಿನ ಸಮಾಧಾನಪ್ಪನ ಕಾಫಿ ಆರಿ ತಣ್ಣಗಾಗುತ್ತಿರಲಿಲ್ಲ.

ಗೇಮಿನ ಹೆಸರು 'ಭಾವ ಬಂದ, ಬಾಗಿಲು ಹಾಕು!' ಹೆಸರಿನ ಕೆಳಗೆ ಡೊಳ್ಳುಹೊಟ್ಟೆಯ ಒಬ್ಬ ಮನುಷ್ಯ ಖಾಲಿ ಚೀಲ ಹಿಡಿದು ಹಲ್ಲು ಕಿರಿಯುತ್ತಿದ್ದ. ಅವನು ಒಳಗೆ ನುಗ್ಗಿ ತಿಂಡಿ ಡಬ್ಬಿಗಳನ್ನೆಲ್ಲ ಬರಿದು ಮಾಡುವ ಮೊದಲು ಮನೆಯ ಬಾಗಿಲು, ಕಿಟಕಿ ಮುಚ್ಚಬೇಕು. ಆಟ ಅಂದರೆ ಅಷ್ಟೇ.

ಹೆಂಡತಿ ನಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ಬಂದು ಗಂಡನ ಮುಂದೆ ನಿಂತಳು.

"ಇದು ನಮ್ಮಣ್ಣ ತಾನೆ?"

"ಛೆ ಛೆ! ನಿಮ್ಮಣ್ಣ ಯಾಕಾಗ್ತಾರೆ?"

"ನಿಮಗೆ ಭಾವ ಅಂದ್ರೆ ನಮ್ಮಣ್ಣ ಅಲ್ವಾ? ಹೊಟ್ಟೆನೂ ಅವನದೇ. ಹೋದ ವಾರ ಬಂದು ನಾಲ್ಕು ಚಕ್ಕುಲಿ ತಿಂದಿದ್ದಕ್ಕೆ ಹೀಗೆ ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

"ಅಯ್ಯೋ, ಸುಮ್ನೆ ತಮಾಷೆಗೆ ಕಣೇ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರೆ ನಾನೇನು ಮಾಡ್ಲಿ?"

"ಓಹೋ, ಈಗ ನಮ್ಮಣ್ಣ ಕಳ್ಳ ಬೇರೆ ಆದ್ನಾ?"

ಗಾದೆ ಹೇಳುವ ಮುಂಚೆ ಎದುರಿಗಿರುವವರ ಮುಖ ನೋಡಬೇಕು ಅನ್ನುವುದು ಸಮಾಧಾನಪ್ಪನಿಗೆ ಗಾದೆ ಹೇಳಿದ ಮೇಲೆಯೇ ಹೊಳೆಯುತ್ತಿತ್ತು. ಸಮಾಧಾನಪ್ಪ ಅನ್ನುವುದು ಅಡ್ಡಹೆಸರು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಗೇಮ್ ಕಂಪನಿ. ಅಲ್ಲಿ ಫೋನ್ ಮಾಡಿ ಬಯ್ಯುವವರಿಗೆಲ್ಲ ಸಮಾಧಾನ ಹೇಳುವುದು ಅವನ ಉದ್ಯೋಗ. ಊರವರಿಗೆಲ್ಲ ಹೇಳಿ ಖರ್ಚಾಗಿಹೋಗುತ್ತಿತ್ತೋ ಏನೋ, ಮನೆಯಲ್ಲಿ ಹೇಳಲು ಅವನ ಬಳಿ ಸಮಾಧಾನ ಉಳಿಯುತ್ತಿರಲಿಲ್ಲ.

"ಹೆಸರಿಟ್ಟೋನು ನಾನಲ್ಲ, ನಿನ್ನ ತಮ್ಮ" ಎಂದು ಕೊನೆಯ ಬಾಣ ಬಿಟ್ಟ. ನಿಜವೇ. ಅದೇ ಕಂಪನಿಯಲ್ಲಿ ಗೇಮ್ ತಯಾರಿಸುವವನು ಅವನ ಭಾಮೈದ. ಶಿಫಾರಸು ಮಾಡಿ ಸೇರಿಸಿದವನು ಸಮಾಧಾನಪ್ಪನೇ.

"ಅವನು ಹುಡುಗ, ಏನೋ ಬಾಯಿಗೆ ಬಂದಿದ್ದು ಅಂದಿರ್ತಾನೆ. ಆಫೀಸಲ್ಲಿ ಎಲ್ರೂ ಬೇಡ ಅಂದಾಗ ಬೇಕೇ ಬೇಕು ಅಂತ ಕುಣಿದೋರು ಯಾರು? ನೀವೇ ಬಂದು ಹೇಳ್ಕೊಂಡ್ರಲ್ಲ!"

ಅದೂ ನಿಜವೇ. ಹೆಸರು ಕೇಳಿದ ದಿನ ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. "ಇದ್ರಲ್ಲಿ ಬೇಜಾರು ಮಾಡ್ಕೊಳ್ಳೋಕೆ ಏನಿದೆ ಮೇಡಂ? ಇಷ್ಟೂ ಸಹಿಸದೋನು ಮನುಷ್ಯನೇ ಅಲ್ಲ" ಎಂದು ಕಂಪನಿಯ ಒಡತಿಯ ಎದುರು ವಾದಿಸಿ ಗೆದ್ದಿದ್ದ. ಆಟವನ್ನು ಮಾತ್ರ ಒಮ್ಮೆಯೂ ಆಡಿರಲಿಲ್ಲ. ದಿನವಿಡೀ ಗೇಮುಗಳ ಮೇಲಿನ ದೂರು ಕೇಳುವವನಿಗೆ ಗೇಮ್ ಆಡುವ ಆಸೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಏನೋ, ನನ್ನ ಗಂಡ ನಿನ್ನ ಮನೆಗೆ ಬಂದು ಏನೋ ತಿಂದು ಹಾಕಿದ್ದು?"

"ಅಕ್ಕಾ, ಅದು ಭಾವ ಅಲ್ಲ..."

"ಭಾವ ಅಂತಾನೇ ಬರೆದಿದೆಯಲ್ಲೋ! ಸಾಯಂಕಾಲದೊಳಗೆ ಆ ಹೆಸರು ತೆಗೆಸದಿದ್ರೆ ನಿನಗೆ ಅಕ್ಕನೂ ಇಲ್ಲ, ಭಾವನೂ ಇಲ್ಲ."

ಫೋನು ಇಡುತ್ತಿದ್ದಂತೆ ಹೆಂಡತಿಯೂ ಅದೇ ಗಡುವು ಕೊಟ್ಟಳು. ಹೆಸರು ಬದಲಾಗದಿದ್ದರೆ ಅವಳು ಅಣ್ಣನ ಮನೆಗೆ ಹೊರಡುವವಳು; ಯಾವಾಗ ವಾಪಸ್ಸು ಅನ್ನುವುದನ್ನು ಹೇಳಲಿಲ್ಲ.

ಆಫೀಸಿನಲ್ಲಿ ಒಡತಿ ಮೇಡಂ ಸಂತೋಷದಲ್ಲಿ ತೇಲುತ್ತಿದ್ದರು. ಸಂಜೆಯೊಳಗೆ ಊರಿನ ಅರ್ಧ ಮೊಬೈಲುಗಳಲ್ಲಿ ಭಾವ ಬಂದಿರುತ್ತಾನೆ ಎಂದು ಅವರ ಲೆಕ್ಕ. ಸಮಾಧಾನಪ್ಪ ಹೋಗಿ, "ಮೇಡಂ, ಹೆಸರು ಬದಲಿಸ್ಬೇಕು. ಭಾವನೆಗಳಿಗೆ ಧಕ್ಕೆ ಆಗ್ತಿದೆ" ಅಂದ.

"ಯಾರ ಭಾವನೆಗೆ?"

"ಭಾವನ ಭಾವನೆಗೆ."

ಚಿತ್ರ ಬಿಡಿಸುವ ಹುಡುಗಿ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೆಮ್ಮಿದಳು. ಭಾಮೈದ ಕುರ್ಚಿ ತಿರುಗಿಸಿಕೊಂಡು ಬಂದು, "ಬಿಡಿ ಭಾವ, ಚೆನ್ನಾಗಿರೋ ಹೆಸರು. ನೀವೇ ಮೆಚ್ಚಿದ್ದಲ್ವಾ?" ಅಂದ.

"ನಿನಗೇನಪ್ಪ, ಕಲ್ಲು ಬೀಳೋದು ನನ್ನ ಅನ್ನಕ್ಕೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಭಾವನಿಗೆ ನೋವಾಗಿದೆ ಅಂತ ಭಾವನ ಹೆಂಡತಿ, ಭಾವನ ತಂಗಿ ಹೇಳಿದ್ರೆ ನಾನು ಕೇಳಲ್ಲ. ನಿಜವಾದ ಒಬ್ಬ ಭಾವ ನನಗೆ ಫೋನ್ ಮಾಡಿ, 'ಇದು ನನ್ನ ಮೇಲೆ ಮಾಡಿದ್ದು, ನನಗೆ ನೋವಾಗಿದೆ' ಅಂತ ಬಾಯಿಬಿಟ್ಟು ಹೇಳಲಿ. ಆ ಕ್ಷಣ ಬದಲಿಸ್ತೀನಿ."

ಇದೇನು ಮಹಾ ಎಂದುಕೊಂಡು ಸಮಾಧಾನಪ್ಪ ಅರ್ಧ ದಿನ ರಜೆ ಹಾಕಿ ಹೊರಟ. ಒಬ್ಬರಲ್ಲ, ಇಬ್ಬರು ಭಾವಂದಿರಿದ್ದಾರೆ. ಯಾರಾದರೊಬ್ಬರಿಗೆ ನೋವಾಗಿಯೇ ಇರುತ್ತದೆ.

ಅಕ್ಕನ ಗಂಡ ದರ್ಜಿ. ಸೂಜಿಯಂಥ ಮೈ, ಕತ್ತರಿಯಂಥ ನಾಲಿಗೆ. ಗಿರಾಕಿಯೊಬ್ಬ ಪ್ಯಾಂಟಿನ ಹೊಲಿಗೆ ಬಿಚ್ಚಿತೆಂದು ಬಂದು, ಅದನ್ನು ಕೊಟ್ಟು ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. ಸಮಾಧಾನಪ್ಪ ಹಣ್ಣಿನ ಚೀಲವನ್ನು ಮಿಷನ್ನಿನ ಪಕ್ಕ ಇಟ್ಟು ಕೈ ಮುಗಿದ.

"ಭಾವಾ, ನನ್ನದು ತಪ್ಪಾಯ್ತು. ಮನಸ್ಸಿಗೆ ಹಚ್ಕೋಬೇಡಿ."

"ಏನು ತಪ್ಪಾಯ್ತು?"

ಭಾವನಿಗೆ ಏನೂ ಗೊತ್ತಿರಲಿಲ್ಲ! ಅಕ್ಕ ಗಂಡನಿಗೆ ನೋವಾಗಬಾರದೆಂದು ವಿಷಯವನ್ನೇ ಮುಚ್ಚಿಟ್ಟಿದ್ದಳು. ಬಾಯಿ ತಪ್ಪಿ ಬಂದದ್ದನ್ನು ಹಿಂದಕ್ಕೆಳೆಯಲು ಸಮಾಧಾನಪ್ಪ ಒದ್ದಾಡುತ್ತಿರುವಾಗ ಟವೆಲಿನ ಗಿರಾಕಿ ಉತ್ಸಾಹದಿಂದ, "ಅದೇ ಸಾರ್, ಭಾವ ಬಂದ, ಬಾಗಿಲು ಹಾಕು! ನಮ್ಮನೇಲಿ ಬೆಳಿಗ್ಗೆಯಿಂದ ಎಲ್ರೂ ಅದನ್ನೇ ಆಡ್ತಿದಾರೆ" ಎಂದು ತನ್ನ ಮೊಬೈಲಿನಲ್ಲಿ ಚಿತ್ರವನ್ನೇ ತೋರಿಸಿದ.

ದರ್ಜಿಯ ಕಾಲಡಿಯ ಮಿಷನ್ನು ಗಕ್ಕನೆ ನಿಂತಿತು.

"ಅಂದ್ರೆ, ನಾನು ನಿನ್ನ ಮನೆಗೆ ಬಂದ್ರೆ ನೀನು ಬಾಗಿಲು ಹಾಕ್ತೀಯಾ?"

"ಇಲ್ಲ ಭಾವ, ತೆಗೀತೀನಿ."

"ಹಾಗಾದ್ರೆ ಇದೇನು? ಅದೂ ಈ ಹೊಟ್ಟೆ!" ದರ್ಜಿ ಕುತ್ತಿಗೆಯ ಟೇಪು ಎಳೆದು ತನ್ನ ಸೊಂಟ ಅಳೆದುಕೊಂಡು ಗಿರಾಕಿಗೆ ತೋರಿಸಿದ. "ನೀವೇ ಹೇಳಿ, ಇದು ನನ್ನ ಹೊಟ್ಟೆನಾ?"

"ಇಲ್ಲ ಸಾರ್, ನಿಮಗೆ ಹೊಟ್ಟೆನೇ ಇಲ್ಲ" ಎಂದು ಗಿರಾಕಿ ಸಾಕ್ಷಿ ನುಡಿದ.

"ನೋವಾಯ್ತಾ ಭಾವ?" ಎಂದು ಸಮಾಧಾನಪ್ಪ ಆಸೆಯಿಂದ ಕೇಳಿದ. "ಒಂದು ಫೋನ್ ಮಾಡಿ, ಇದು ನನ್ನ ಮೇಲೆ ಮಾಡಿದ್ದು ಅಂತ ಮೇಡಂಗೆ ಹೇಳಿಬಿಡಿ."

"ನನ್ನ ಮೇಲೆ ಅಂತ ನಾನೇ ಯಾಕೆ ಒಪ್ಕೊಳ್ಳಲಿ? ಈ ಹೊಟ್ಟೆ ನಿನ್ನ ಹೆಂಡ್ತಿ ಅಣ್ಣಂದು. ನಡಿ, ಅವರ ಬಾಯಿಂದಲೇ ಹೇಳಿಸ್ತೀನಿ."

ಟವೆಲಿನವನು, "ಸಾರ್, ನನ್ನ ಪ್ಯಾಂಟು..." ಅನ್ನುತ್ತಿದ್ದಂತೆ, "ಅಂಗಡಿ ನೋಡ್ಕೊಂಡಿರಿ, ಈಗ ಬಂದೆ" ಎಂದು ದರ್ಜಿ ಸಮಾಧಾನಪ್ಪನ ರಟ್ಟೆ ಹಿಡಿದು ಬೀದಿಗಿಳಿದ.

ಹೆಂಡತಿಯ ಅಣ್ಣನದು ಕನ್ನಡಕದ ಅಂಗಡಿ. ಗೋಡೆ ತುಂಬ ಕನ್ನಡಿಗಳು, ಕಪಾಟು ತುಂಬ ಚೌಕಟ್ಟುಗಳು, ಅವುಗಳ ನಡುವೆ ತುಂಬಿದ ಕೊಡದಂಥ ಹೊಟ್ಟೆಯ ಭಾವ ಮೊಬೈಲು ಹಿಡಿದು ಬಾಗಿ ಕೂತಿದ್ದರು. ಬೆರಳು ಪಟಪಟ ಓಡುತ್ತಿತ್ತು. ಒಮ್ಮೆಲೇ ವಿಷಯಕ್ಕೆ ಬಂದರೆ ಚೆನ್ನಾಗಿರುವುದಿಲ್ಲವೆಂದು ಸಮಾಧಾನಪ್ಪ ಚಪ್ಪಲಿಗಳನ್ನು ಒಂದೊಂದು ದಿಕ್ಕಿಗೆ ಕೊಡವಿ ಒಳಗೆ ಕಾಲಿಟ್ಟು, ಎರಡೂ ಅಂಗೈ ಉಜ್ಜಿಕೊಳ್ಳುತ್ತ ಅಂದ:

"ಇದೇ ದಾರೀಲಿ ಹೋಗ್ತಿದ್ದೆ, ಸುಮ್ನೆ ಬಂದೆ."

"ಇದೇ ದಾರೀಲಿ ಹೋಗ್ತಿದ್ದೆ, ಸುಮ್ನೆ ಬಂದೆ!" ಅಂದಿತು ಮೊಬೈಲು. ಅದೇ ರಾಗ, 'ಸುಮ್ನೆ' ಅನ್ನುವಲ್ಲಿ ಅದೇ ಎಳೆತ.

ಕನ್ನಡಕದ ಭಾವ ಮೊಬೈಲು ನೋಡಿದರು, ಸಮಾಧಾನಪ್ಪನನ್ನು ನೋಡಿದರು. ದರ್ಜಿ ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿ ನೋಡಿದ. ಮೊಬೈಲಿನೊಳಗಿನ ಮನುಷ್ಯನೂ ಚಪ್ಪಲಿಗಳನ್ನು ಒಂದೊಂದು ದಿಕ್ಕಿಗೆ ಹಾರಿಸಿ, ಅಂಗೈ ಉಜ್ಜಿಕೊಳ್ಳುತ್ತ ಅಡುಗೆಮನೆಯ ಕಡೆ ನಡೆದಿದ್ದ.

"ಇನ್ನೊಂದ್ಸಲ ಹೇಳಿ" ಅಂದರು ಭಾವ.

"ಏನನ್ನ?" ಎಂದ ಸಮಾಧಾನಪ್ಪ.

ಕನ್ನಡಕದ ಭಾವ ನಗಲು ಶುರು ಮಾಡಿದರು. ಕಪಾಟಿನ ಚೌಕಟ್ಟುಗಳೆಲ್ಲ ಗಲಗಲ ಅಂದವು. "ನಾನು ಬೆಳಿಗ್ಗೆಯಿಂದ ಯೋಚಿಸ್ತಾನೇ ಇದ್ದೆ, ಈ ದನಿ ಎಲ್ಲೋ ಕೇಳಿದ್ದೀನಲ್ಲ ಅಂತ! ಅಲ್ರೀ, ಹೆಸರಿಟ್ಟೋನು ನನ್ನ ತಮ್ಮ. ಅವನಿಗೆ ನಾನು ಅಣ್ಣ. ಭಾವ ಯಾರು?"

ಆ ಪ್ರಶ್ನೆಗೆ ಇಡೀ ಜಗತ್ತಿನಲ್ಲಿ ಒಂದೇ ಉತ್ತರವಿತ್ತು, ಆ ಉತ್ತರ ಈಗ ಅಂಗಡಿಯ ಎಲ್ಲ ಕನ್ನಡಿಗಳಲ್ಲೂ ಬಾಯಿ ತೆರೆದು ನಿಂತಿತ್ತು. ಮದುವೆಯಾದಾಗಿನಿಂದ ತಾನೂ ಒಬ್ಬರ ಭಾವ ಅನ್ನುವುದು ಸಮಾಧಾನಪ್ಪನಿಗೆ ಹೊಳೆದಿರಲೇ ಇಲ್ಲ. ಮಾವನ ಮನೆ ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಂತೂ ಇರಲಿಲ್ಲ. ಆದರೂ ವಾರಕ್ಕೆರಡು ಸಂಜೆ 'ಇದೇ ದಾರೀಲಿ' ಹೋಗುವಾಗ ಅವನು ಅಲ್ಲಿಗೆ ಹೊಕ್ಕು ಬರುತ್ತಿದ್ದ. ಅತ್ತೆ ಮಾಡಿದ ತಿಂಡಿ ಚೆನ್ನಾಗಿದೆ ಎಂದು ತಟ್ಟೆ ಖಾಲಿ ಮಾಡಿ, ಉಳಿದದ್ದನ್ನು ಮನೆಗೆ ಕಟ್ಟಿಸಿಕೊಂಡೂ ಬರುತ್ತಿದ್ದ. ಅದು ಪ್ರೀತಿ ಎಂದೇ ಅವನು ತಿಳಿದಿದ್ದ.

"ಹೊಟ್ಟೆ ಮಾತ್ರ ಹೊಂದಲ್ಲ" ಎಂದು ದರ್ಜಿ ಸಮಾಧಾನಪ್ಪನ ಸೊಂಟಕ್ಕೆ ಟೇಪು ಸುತ್ತಿ ಅಳೆದ. ಅಳೆದು, "ಮುಂದಿನ ವರ್ಷದೊಳಗೆ ಹೊಂದುತ್ತೆ" ಅಂದ.

ಸಮಾಧಾನಪ್ಪ ಮೇಡಂಗೆ ಫೋನು ಹಚ್ಚಿದ. "ಹೆಸರು ಬದಲಿಸಿ ಮೇಡಂ! ನಿಜವಾದ ಒಬ್ಬ ಭಾವನಿಗೆ ತುಂಬಾ ನೋವಾಗಿದೆ!"

"ಯಾರವರು? ಫೋನ್ ಕೊಡಿ."

ಕೊಡುವುದು ಯಾರಿಗೆ? 'ನಾನೇ' ಎಂಬ ಎರಡಕ್ಷರ ಹೇಳುವುದಾದರೂ ಹೇಗೆ? ಇಷ್ಟೂ ಸಹಿಸದವನು ಮನುಷ್ಯನೇ ಅಲ್ಲ ಎಂದು ಅದೇ ಮೇಡಂ ಎದುರಿಗೆ ಮೇಜು ಕುಟ್ಟಿ ಹೇಳಿದ್ದ. ಅವನು ತಡವರಿಸುತ್ತಿರುವಾಗಲೇ ಕನ್ನಡಕದ ಭಾವ ಫೋನು ಕಸಿದುಕೊಂಡು, "ನಾವು ಇಬ್ರು ಭಾವಂದಿರು ಇಲ್ಲೇ ಇದೀವಿ ಮೇಡಂ, ಹೆಸರು ಬಹಳ ಚೆನ್ನಾಗಿದೆ, ಮುಟ್ಟಬೇಡಿ" ಅಂದರು. "ನಂದೂ ಒಪ್ಪಿಗೆ ಇದೆ ಅನ್ನಿ" ಎಂದು ದರ್ಜಿ ಪಕ್ಕದಿಂದ ಕೂಗಿದ.

ಸಮಾಧಾನಪ್ಪ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಕ್ಕ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು: "ನೀನಾ? ಮೊದಲೇ ಹೇಳ್ಬಾರದಾ, ಸುಮ್ನೆ ಬೇಜಾರು ಮಾಡ್ಕೊಂಡೆ." ಬಾಗಿಲಲ್ಲಿ ಹೆಂಡತಿ ಬಿಸಿ ಕಾಫಿ ಹಿಡಿದು ನಿಂತಿದ್ದಳು. ಬೆಳಗಿನ ಸಿಟ್ಟು ಮಾಯವಾಗಿ ಮುಖ ಹೊಳೆಯುತ್ತಿತ್ತು.

"ಹೆಸರು ಬದಲಾಗ್ಲಿಲ್ಲ" ಅಂದ ಅವನು.

"ಯಾಕೆ ಬದಲಾಗ್ಬೇಕು? ನಮ್ಮಣ್ಣನ ಮೇಲೆ ಅಲ್ಲವಲ್ಲ, ನಿಮ್ಮ ಮೇಲೆ ತಾನೆ? ಹಾಗಾದ್ರೆ ತಮಾಷೆನೇ."

"ನನಗೆ ನೋವಾಗಲ್ವೇನೇ?"

"ನಿಮಗಾ?" ಎಂದು ಅವಳು ನಿಜಕ್ಕೂ ಆಶ್ಚರ್ಯಪಟ್ಟಳು.

ಒಳಗೆ ಭಾಮೈದ ಮೇಜಿನ ಮೇಲೆ ಒಂದು ಮೈಕು ಜೋಡಿಸುತ್ತಿದ್ದ. ಸಮಾಧಾನಪ್ಪ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಬೈಗುಳಗಳನ್ನು ಬಿಚ್ಚುವ ಮೊದಲೇ ಅವನು ಎದ್ದು ನಿಂತು ವಿನಯದಿಂದ, "ಸಾರಿ ಭಾವ. ಪ್ರೀತಿಯಿಂದಲೇ ಮಾಡಿದ್ದು. ಆದ್ರೆ ಆ ದನಿ ನಾನು ನಿಮ್ಮನ್ನ ಅನುಕರಿಸಿ ಹೇಳಿದ್ದು, ಅದು ಸಾಲದು ಅಂತಾರೆ ಮೇಡಂ. ಅಸಲಿ ಭಾವನೇ ಸಿಕ್ಕಿರೋವಾಗ ಅಸಲಿ ದನಿನೇ ಹಾಕೋಣ ಅಂತ ಕಳಿಸಿದ್ರು" ಅಂದ.

"ಸಾಧ್ಯವೇ ಇಲ್ಲ!"

"ಇದು ಆಫೀಸಿನ ಕೆಲಸವಂತೆ, ಭಾವ."

ಹೆಂಡತಿ ಕಾಫಿ ಲೋಟ ಕೈಗಿಟ್ಟು, "ಒಂದು ಮಾತು ಹೇಳೋಕೆ ಏನು ರಗಳೆ ನಿಮ್ಮದು? ಬಾಯಿಪಾಠ ಇರೋದೇ ಅಲ್ವಾ" ಅಂದಳು.

ಸಮಾಧಾನಪ್ಪ ಮೈಕಿನ ಮುಂದೆ ಕೂತ. ಇಷ್ಟು ವರ್ಷ ಎಷ್ಟೋ ಸಂಜೆ ಸಲೀಸಾಗಿ ಉದುರಿದ ಮಾತು ಈಗ ಒಂದೊಂದೇ ಇಟ್ಟಿಗೆಯಂತೆ ಹೊರಬಿತ್ತು.

"ಇದೇ... ದಾರೀಲಿ... ಹೋಗ್ತಿದ್ದೆ. ಸುಮ್ಮನೆ ಬಂದೆ."

ಭಾಮೈದ ಕಿವಿಗೆ ಹಾಕಿದ್ದ ಹೆಡ್‌ಫೋನು ತೆಗೆದು, ತನ್ನ ಅಕ್ಕನ ಮುಖ ನೋಡಿ, ಬೇಸರದಿಂದ ತಲೆಯಾಡಿಸಿದ.

"ಇಲ್ಲ ಭಾವ, ಯಾರೋ ಬೇರೆಯವರು ಹೇಳಿದ ಹಾಗಿದೆ. ಸಹಜವಾಗಿ ಬರ್ಲಿ. ಇನ್ನೊಂದ್ಸಲ."