ಎಡನೊಗದ ಕೆಂದನಿಗೆ ಕಬಡ್ಡಿ ಆಯ್ಕೆ ಸಮಿತಿ ಅಧ್ಯಕ್ಷನ ಅಹವಾಲು

ಯಲವಿಗಿ, ತಾಲೂಕು ಸವಣೂರು
ಮಾರ್ಚ್ ೧೯೮೩

ಇವರಿಗೆ:
ಮಾನ್ಯ ಶ್ರೀ ಕೆಂದ ಅವರು, ಎತ್ತು,
ತಲೆಬಾಗಿಲು ದಾಟಿ ಎಡಕ್ಕೆ, ಎರಡನೆಯ ಗ್ವಾದಲಿ,
ಬಸವಣ್ಣೆಪ್ಪಗೌಡನ ಮನೆ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ ಬೇರೆಬೇರೆಯಾಗಿ ನಮಸ್ಕರಿಸಿ, ತಮ್ಮ ಮೇವು, ನೀರು, ಮೆಲುಕು ಎಲ್ಲವೂ ಸಾಂಗವಾಗಿ ನಡೆದಿವೆಯೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಮೇವು ಹಾಕುವವನು ನಾನೇ ಆದ್ದರಿಂದ ಹಾಗೆ ನಂಬದೆ ನನಗೆ ಬೇರೆ ಗತಿಯೂ ಇಲ್ಲ. ತಾವೂ ನಾನೂ ಒಂದೇ ಸೂರಿನ ಕೆಳಗಿನವರು, ಪಡಸಾಲೆಯ ಮೇಲೆ ನಾನು, ಎರಡು ಮೊಳ ಕೆಳಗೆ ತಾವು. ಕೆಮ್ಮಿದರೆ ಒಬ್ಬರಿಗೊಬ್ಬರು ಕೇಳುವಷ್ಟು ಹತ್ತಿರವಿದ್ದೂ ಬಹಿರಂಗ ಪತ್ರವನ್ನೇಕೆ ಬರೆದು ಯುವಕ ಮಂಡಳದ ಹಲಗೆಗೆ ಅಂಟಿಸಬೇಕಾಯಿತೆಂದು ತಾವು ಕಿವಿ ನಿಮಿರಿಸಬಹುದು. ತಾವು ಓದುವುದಿಲ್ಲವೆಂಬ ಧೈರ್ಯ, ಊರವರು ಓದುತ್ತಾರೆಂಬ ಹೆದರಿಕೆ, ಇವೆರಡೂ ಕೂಡದಿದ್ದರೆ ನನ್ನಂಥವನು ನಿಜ ಹೇಳುವುದಿಲ್ಲ.

ನನ್ನ ದೂರು ಸರಳವಾಗಿದೆ. ನಾನೊಬ್ಬ ಜಾಣನೆಂದು ತಾವು ಆರು ವರ್ಷ ನನ್ನನ್ನು ನಂಬಿಸಿದಿರಿ.

ಬಂಕಾಪುರದ ದನದ ಸಂತೆಯಲ್ಲಿ ತಮ್ಮನ್ನು ಕೊಂಡ ದಿನ ತಮಗೆ ಮರೆತಿರಲಾರದು. ಹಲ್ಲು ನೋಡಿದೆ, ಗೊರಸು ನೋಡಿದೆ, ಹಣೆಯ ಸುಳಿಯಿಂದ ಬೆನ್ನಿನ ಸುಳಿಯವರೆಗೆ ಬೆರಳಾಡಿಸಿದೆ, ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದೆ, ಆಮೇಲೆ ಸುತ್ತ ನಿಂತಿದ್ದವರಿಗೆಲ್ಲ ಕೇಳುವಂತೆ ಇದು ನೊಗದ ಎಡಕ್ಕೆ ಹೂಡುವ ಎತ್ತು ಎಂದು ತೀರ್ಪು ಕೊಟ್ಟೆ. ತಮ್ಮನ್ನು ಸಾಕಿ ಮಾರಲು ತಂದಿದ್ದ ಆಡೂರಿನ ರೈತ ಏನೋ ಹೇಳಲು ಬಾಯಿ ತೆರೆದ. ನಾನು ಅಂಗೈ ಅಡ್ಡ ಹಿಡಿದು, “ನನಗ ಹೇಳಬ್ಯಾಡ ತಮ್ಮಾ, ಎತ್ತು ನಾ ನೋಡೇನಿ” ಎಂದೆ. ಅವನು ಬಾಯಿ ಮುಚ್ಚಿಕೊಂಡು ಹಗ್ಗವನ್ನು ನನ್ನ ಕೈಗೆ ಕೊಟ್ಟು ಹೋದ.

ಅಂದಿನಿಂದ ಆರು ವರ್ಷ ತಾವು ಎಡಕ್ಕೂ ತಮ್ಮ ಜೊತೆಗಾರ ಬಿಳಿಯ ಅವರು ಬಲಕ್ಕೂ ನಿಂತು ನನ್ನ ಹೊಲ ಉತ್ತಿರಿ, ಸಾಲುಗಳೆಲ್ಲ ಓರೆಯಾದವು. ಮೊದಲ ವರ್ಷ ನಾನು ನೇಗಿಲನ್ನು ದೂರಿದೆ. ಎರಡನೆಯ ವರ್ಷ ನೇಗಿಲು ಮಾಡಿದ ಬಡಿಗನನ್ನು ದೂರಿದೆ. ಆಮೇಲೆ ಹೊಲವೇ ಓರೆಯಾಗಿದೆಯೆಂಬ ಹೊಸ ಸಂಶೋಧನೆ ಮಾಡಿ, ಬದುವಿನ ಆಚೆಯವನು ನೆಲ ಒತ್ತಿದ್ದರಿಂದಲೇ ಹೀಗಾಗಿದೆಯೆಂದು ಅವನೊಂದಿಗೆ ಮಾತು ಬಿಟ್ಟೆ. ಇಷ್ಟೆಲ್ಲ ನಡೆಯುವಾಗ ತಾವು ಗಂಭೀರವಾಗಿ ಕತ್ತು ತಗ್ಗಿಸಿ ಎಳೆಯುತ್ತಿದ್ದಿರಿ, ಆ ಗಾಂಭೀರ್ಯವನ್ನು ನಾನು ಒಪ್ಪಿಗೆಯೆಂದು ತಿಳಿದೆ. ಎತ್ತು ನೋಡುವುದರಲ್ಲಿ ಬಸವಣ್ಣೆಪ್ಪಗೌಡನನ್ನು ಮೀರಿಸಿದವರಿಲ್ಲ ಎಂಬ ಮಾತು ಶಿಗ್ಗಾಂವಿಯವರೆಗೆ ಹಬ್ಬಿತು. ಹಬ್ಬಿಸಿದವನು ಬಹುಮಟ್ಟಿಗೆ ನಾನೇ.

ಈ ಕೀರ್ತಿಯ ಫಲವಾಗಿ ಕಳೆದ ವರ್ಷ ನಮ್ಮೂರ ಯುವಕ ಮಂಡಳದವರು ಬಂದು, ಎತ್ತು ಆರಿಸಬಲ್ಲವರು ಹುಡುಗರನ್ನೂ ಆರಿಸಬಲ್ಲರೆಂದು ನನ್ನನ್ನು ಕಬಡ್ಡಿ ತಂಡದ ಆಯ್ಕೆ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದರು. ಎರಡನೆಯ ಮತ್ತು ಕೊನೆಯ ಸದಸ್ಯರಾಗಿ ತಮ್ಮ ಗೊರಸಿಗೆ ವರ್ಷಕ್ಕೆರಡು ಸಲ ಲಾಳ ಕಟ್ಟುವ ಶೇಖಸಾಬರು ನೇಮಕವಾದರು. ಕಬಡ್ಡಿಯನ್ನು ನಾವಿಬ್ಬರೂ ಆಡಿದವರಲ್ಲ. ಆ ವಿಷಯವನ್ನು ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಸಮಿತಿಯ ಸಭೆಗಳೆಲ್ಲ ನಮ್ಮ ಪಡಸಾಲೆಯಲ್ಲೇ, ತಮ್ಮ ಘನ ಉಪಸ್ಥಿತಿಯಲ್ಲೇ ನಡೆದವು. ಸಂತೆಯಲ್ಲಿ ದಲ್ಲಾಳಿಗಳು ಮಾಡುವಂತೆ ಶೇಖಸಾಬರೂ ನಾನೂ ಟವೆಲ್ಲಿನ ಕೆಳಗೆ ಕೈ ಕೊಟ್ಟು, ಬೆರಳು ಒತ್ತಿ, ಯಾವ ಹುಡುಗ ಯಾವ ಜಾಗಕ್ಕೆಂದು ಗುಟ್ಟಾಗಿ ತೀರ್ಮಾನಿಸುತ್ತಿದ್ದೆವು. ಸಮಿತಿಯಲ್ಲಿ ಇಬ್ಬರೇ ಇದ್ದಾಗ ಗುಟ್ಟು ಯಾರಿಂದ ಎಂದು ನನಗೆ ಈಗಲೂ ತಿಳಿದಿಲ್ಲ.

ಆರು ಹುಡುಗರ ಜಾಗ ಒಂದೇ ಸಂಜೆ ಗೊತ್ತಾಯಿತು. ಏಳನೆಯವನು ಗುತ್ತೆಪ್ಪ. ಹತ್ತೊಂಬತ್ತರ ಹುಡುಗ, ಉದ್ದ ಕಾಲು, ಅಗಲ ಬೆನ್ನು, ಮಾತು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅವನ ತಾಯಿ ಚೌಡವ್ವ ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವವಳು, ಅವನೂ ಬಿಡುವಿದ್ದಾಗ ನಮ್ಮಲ್ಲೇ ಕೆಲಸಕ್ಕೆ ಬರುವವನೆಂದು ತಮಗೆ ಗೊತ್ತು. ಆ ವರ್ಷ ಸವಣೂರು, ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ನಾಲ್ಕೂ ಕಡೆ ಪಂದ್ಯಗಳಿದ್ದವು, ಕೊನೆಯ ಹಿರೇಕೆರೂರಿನ ಪಂದ್ಯಕ್ಕೆ ಹುಬ್ಬಳ್ಳಿಯ ಒಂದು ಗಿರಣಿಯವರು ಬಂದು ತಮ್ಮ ತಂಡಕ್ಕೆ ಒಬ್ಬನನ್ನು ಆರಿಸಿ, ಗಿರಣಿಯಲ್ಲಿ ಕಾಯಂ ಕೆಲಸ ಕೊಡುವವರಿದ್ದರು. ಚೌಡವ್ವನ ಮನೆಯಲ್ಲಿ ಅಂದಿನವರೆಗೆ ಕಾಯಂ ಎಂಬ ಮಾತನ್ನು ಯಾವುದಕ್ಕೂ ಬಳಸಿರಲಿಲ್ಲ. ಹೀಗೆ ಒಬ್ಬ ಹುಡುಗನ ಬದುಕು ತಮ್ಮ ಗ್ವಾದಲಿಯ ಮೇಲೆ, ನಮ್ಮ ಟವೆಲ್ಲಿನ ಕೆಳಗೆ ಬಂದು ಕೂತಿತು.

ಸವಣೂರಿನಲ್ಲಿ ಅವನನ್ನು ಎದುರಾಳಿಗಳ ಅಂಗಳಕ್ಕೆ ದಾಳಿಗೆ ಕಳಿಸಿದೆ. ಉದ್ದ ಕಾಲಿನ ಎತ್ತು ಬಂಡಿಗೆ, ಗಿಡ್ಡ ಕಾಲಿನದು ನೇಗಿಲಿಗೆ ಎಂಬ ನನ್ನ ಸಿದ್ಧಾಂತ ತಮಗೆ ತಿಳಿದದ್ದೇ. ದಾಳಿಗೆ ಹೋದವನು ಕಬಡ್ಡಿ ಕಬಡ್ಡಿ ಎಂದು ಎಲ್ಲರಿಗೂ ಕೇಳುವಂತೆ ಉಸಿರು ಬಿಡದೆ ಅನ್ನುತ್ತಿರಬೇಕಷ್ಟೆ. ಗುತ್ತೆಪ್ಪ ಅಂದದ್ದು ಅವನ ತುಟಿಗೆ ಮಾತ್ರ ಕೇಳಿಸಿತು, ಅಂಪೈರು ಮೂರೂ ಸಲ ಸೀಟಿ ಊದಿ ಹೊರಗೆ ಕಳಿಸಿದರು. ಶಿಗ್ಗಾಂವಿಯಲ್ಲಿ, ಬೆನ್ನು ಬಿಳಿಯ ಅವರಂತೆ ಅಗಲವಾಗಿದೆಯೆಂದು ಅವನನ್ನು ಸಾಲಿನ ನಡುವೆ ನಿಲ್ಲಿಸಿದೆ. ಅವನು ಯಾವುದೋ ಕಡೆ ಜರುಗುತ್ತಿದ್ದ, ಕೈ ಹಿಡಿದಿದ್ದ ಅಕ್ಕಪಕ್ಕದವರು ಇನ್ನಾವುದೋ ಕಡೆ ಜಗ್ಗುತ್ತಿದ್ದರು, ಕೊನೆಗೆ ಎದುರಾಳಿ ಮುಟ್ಟುವ ಮೊದಲೇ ಮೂವರು ತಾವಾಗಿ ಬಿದ್ದರು.

ಹಾನಗಲ್ಲಿಗೆ ಹೋಗುವ ಮುನ್ನ ನಾವು ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆವು. ನಾನು ಅವನ ತಲೆ ಬಗ್ಗಿಸಿ ಸುಳಿ ನೋಡಿದೆ. ಶೇಖಸಾಬರು ಅವನ ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿ ತಟ್ಟಿ ಸಪ್ಪಳ ಕೇಳಿದರು. ಹುಡುಗ ಒಂಟಿ ಕಾಲಿನಲ್ಲಿ, ಬೀಳದಂತೆ ತಮ್ಮ ಕೊಂಬು ಹಿಡಿದು ನಿಂತಿದ್ದ. ಟವೆಲ್ಲಿನ ಕೆಳಗೆ ಎಡಮೂಲೆಯೆಂದು ತೀರ್ಮಾನವಾಯಿತು. ತಮ್ಮ ಸುಳಿಗೂ ಅವನ ಸುಳಿಗೂ ಇದ್ದ ಹೋಲಿಕೆಯೇ ಇದಕ್ಕೆ ಆಧಾರವೆಂದು ನಾನು ಕಡತದಲ್ಲಿ ಬರೆದಿದ್ದೇನೆ, ಬೇಕಿದ್ದವರು ಬಂದು ನೋಡಬಹುದು. ಹಾನಗಲ್ಲಿನಲ್ಲಿ ಎಡಮೂಲೆಯಿಂದ ಅವನು ಹಾರಿದಾಗಲೆಲ್ಲ ಹೊರಗಡೆಗೇ ಹಾರಿದ, ಗೆರೆ ದಾಟಿ ಬಿದ್ದು ಭುಜದ ಚರ್ಮ ಕಿತ್ತುಕೊಂಡ. ಬರುವಾಗ ಬಸ್ಸಿನಲ್ಲಿ ಶೇಖಸಾಬರಿಗೆ, ಎತ್ತೇ ಸರಿಯಿಲ್ಲ ಎಂದೆ. ನನ್ನ ಬಾಯಿಂದ ಹೊರಟದ್ದು ಅದೇ ಶಬ್ದ, ಅದನ್ನು ತಿದ್ದಿಕೊಳ್ಳಬೇಕೆಂದು ಕೂಡ ಅಂದು ಅನಿಸಲಿಲ್ಲ. ಹಿರೇಕೆರೂರಿಗೆ ಅವನನ್ನು ಮೀಸಲು ಆಟಗಾರನಾಗಿ, ಅಂದರೆ ನೀರಿನ ಕೊಡ ಕಾಯುವವನಾಗಿ ಒಯ್ಯುವುದೆಂದು ಠರಾವು ಬರೆದೆ.

ಮರುದಿನ ಚೌಡವ್ವ ಬಂದಳು. ಪಡಸಾಲೆ ಹತ್ತಲಿಲ್ಲ, ಅವಳು ಎಂದೂ ಹತ್ತಿದವಳಲ್ಲ, ಹತ್ತು ಎಂದು ನಾವೂ ಎಂದೂ ಅಂದವರಲ್ಲ. ಕೆಳಗೆ ತಮ್ಮ ಪಕ್ಕದಲ್ಲೇ ನಿಂತು, ಸೆರಗಿನ ತುದಿ ಹಿಡಿದುಕೊಂಡು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: “ಗೌಡ್ರ, ಎತ್ತಿಗೆ ಬಾಯಿಲ್ಲ, ಅದಕ್ಕ ನೀವು ಸುಳಿ ನೋಡ್ತೀರಿ. ನನ್ನ ಮಗಗ ಬಾಯಿ ಐತ್ರಿ. ಒಂದ ಸಲ ಕೇಳ್ರಿ.”

ಆಗಲಿ ನೋಡೋಣವೆಂದು ಅವಳನ್ನು ಕಳಿಸಿದೆ. ಆಗಲಿ ನೋಡೋಣ ಎಂದರೆ ನಮ್ಮ ಮನೆತನದಲ್ಲಿ ಏನರ್ಥವೆಂದು ತಾವು ಬಲ್ಲಿರಿ. ಮರುದಿನ ಹತ್ತಿ ಗಿಡ ಕಿತ್ತ ಹೊಲದಲ್ಲಿ ಕುಂಟೆ ಹೊಡೆಯಲು ಗುತ್ತೆಪ್ಪನನ್ನೇ ಕಳಿಸಿ, ನಾನು ಉಂಡು, ಎಲೆ ಅಡಿಕೆ ಹಾಕಿಕೊಂಡು, ಬಿಸಿಲೇರಿದ ಮೇಲೆ ಹೋಗಿ ನೋಡುತ್ತೇನೆ, ಅರ್ಧ ಹೊಲ ಮುಗಿದಿದೆ, ಗೆರೆ ಎಳೆದಂತೆ ನೆಟ್ಟಗೆ ಮುಗಿದಿದೆ. ಆರು ವರ್ಷಗಳಲ್ಲಿ ಮೊದಲ ಸಲ ನನ್ನ ಹೊಲ ಓರೆಯಾಗಿರಲಿಲ್ಲ. ತಾವು ನೊಗದ ಬಲಕ್ಕಿದ್ದಿರಿ.

ನನಗೆ ಮೊದಲು ಬಂದದ್ದು ಸಿಟ್ಟು. ಯಾರನ್ನು ಕೇಳಿ ಎತ್ತು ಬದಲಿಸಿದೆಯೆಂದು ಗದರಿದೆ. ಅವನು ನನ್ನ ಮುಖ ನೋಡದೆ ತಮ್ಮ ಮುಖ ನೋಡುತ್ತ ಹೇಳಿದ: “ಕೆಂದ ದಿನಾ ಮುಂಜಾನೆ ತಾನಾಗೇ ಹೋಗಿ ಬಲಕ್ಕ ನಿಂದರತೈತ್ರಿ. ನೀವು ಜಗ್ಗಿ ಎಡಕ್ಕ ಕಟ್ಟತೀರಿ. ಇವತ್ತ ನಾ ಜಗ್ಗಲಿಲ್ಲರಿ.”

ಪ್ರತಿ ಮುಂಜಾನೆ ತಾವು ಬಲಕ್ಕೆ ಹೋಗಿ ನಿಲ್ಲುತ್ತಿದ್ದುದು ನಿಜ, ಅದನ್ನು ನಾನು ತಮ್ಮ ಮೊಂಡತನವೆಂದು ಬಗೆದು ಬಾರುಕೋಲಿನಿಂದ ತಿದ್ದುತ್ತಿದ್ದುದೂ ನಿಜ. ಆಮೇಲೆ ನಿಧಾನವಾಗಿ ಇನ್ನೊಂದು ನೆನಪಾಯಿತು. ಸಂಜೆಯ ಅಭ್ಯಾಸಕ್ಕೆ ಗುತ್ತೆಪ್ಪ ಎಲ್ಲರಿಗಿಂತ ಮೊದಲು ಬರುತ್ತಿದ್ದ, ಬಂದವನು ನೇರವಾಗಿ ಅಂಗಳದ ಬಲಮೂಲೆಗೆ ಹೋಗಿ ನಿಲ್ಲುತ್ತಿದ್ದ, ನಾನು ದಿನವೂ ಅವನ ರಟ್ಟೆ ಹಿಡಿದು ನನಗೆ ಬೇಕಾದ ಕಡೆ ಒಯ್ದು ನಿಲ್ಲಿಸುತ್ತಿದ್ದೆ. ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ನನ್ನ ಕೆಲಸಕ್ಕೆ ಬರುವ ಹುಡುಗನಿಗೆ, ನಾನು ಮೊಟ್ಟಮೊದಲ ಸಲ ನಿನಗೆ ಯಾವ ಜಾಗ ಬೇಕೆಂದು ಕೇಳಿದೆ. ಬಲಮೂಲೆಯೆಂದ. ಎಡಕ್ಕೆ ಹಾರಿ ಎದುರಾಳಿಯ ಕಾಲು ಹಿಡಿಯುವುದು ತನಗೆ ಸಣ್ಣಂದಿನಿಂದ ಬರುತ್ತದೆಯೆಂದೂ ಹೇಳಿದ. ಹಾನಗಲ್ಲಿನಲ್ಲಿ ಅವನು ಹೊರಗೆ ಹಾರಿದ್ದು ಯಾಕೆಂದು ಅಲ್ಲಿ, ಆ ನೆಟ್ಟನೆಯ ಹೊಲದಲ್ಲಿ ನಿಂತು ನನಗೆ ತಿಳಿಯಿತು. ಬಹಳ ನಾಚಿಕೆಯಾಯಿತು, ಮಾನ್ಯರೇ.

ಹಿರೇಕೆರೂರಿನಲ್ಲಿ ಅವನನ್ನು ಬಲಮೂಲೆಗೆ ಬಿಟ್ಟೆವು. ಬಿಟ್ಟೆವು ಎಂಬುದೂ ದೊಡ್ಡ ಮಾತೇ. ನಾವು ಜಗ್ಗಲಿಲ್ಲ, ಅವನು ಹೋಗಿ ನಿಂತ. ದಾಳಿಗೆ ಬಂದವರನ್ನು ಒಂಬತ್ತು ಸಲ ಕಾಲು ಹಿಡಿದು ಕೆಡವಿದ. ಪಂದ್ಯವನ್ನು ನಾವು ಸೋತೆವು, ಯಾಕೆಂದರೆ ಉಳಿದ ಆರು ಜನರ ಜಾಗವನ್ನು ಗೊತ್ತು ಮಾಡಿದವನು ನಾನು. ಗಿರಣಿಯವರು ಗುತ್ತೆಪ್ಪನ ಹೆಸರು ಬರೆದುಕೊಂಡರು, ಮತ್ತು ಇಂಥ ಆಟಗಾರನನ್ನು ಕಂಡುಹಿಡಿದವರು ಯಾರೆಂದು ಕೇಳಿದರು. ಶೇಖಸಾಬರು ತಕ್ಷಣ ಟವೆಲ್ಲು ಕೊಡವುತ್ತ ಆಚೆ ನೋಡಿದರು. ಒಂದು ಎತ್ತು ಎಂದು ನಾನು ನಿಜವನ್ನೇ ಹೇಳಿದೆ, ಅವರು ಅದನ್ನು ನನ್ನ ವಿನಯವೆಂದು ತಿಳಿದು ಕೈ ಕುಲುಕಿದರು.

ಹೋದ ವಾರ ಅವನು ಹುಬ್ಬಳ್ಳಿಯ ರೈಲು ಹಿಡಿಯುವ ಮುನ್ನ ಮನೆಗೆ ಬಂದಿದ್ದ. ನಾನು ಆಶೀರ್ವಾದ ಮಾಡಲು ಕೈ ಸಿದ್ಧಮಾಡಿಕೊಂಡು ಪಡಸಾಲೆಯ ಅಂಚಿಗೆ ಬಂದೆ. ಅವನು ಮೊದಲು ತಮ್ಮ ಹತ್ತಿರ ಹೋಗಿ, ಆರು ವರ್ಷ ತಪ್ಪು ಕಡೆಯಿಂದ ನೊಗ ಉಜ್ಜಿ ಜಡ್ಡುಗಟ್ಟಿದ ತಮ್ಮ ಹೆಗಲನ್ನು ಸವರಿದ. ಆ ಜಡ್ಡನ್ನು ನಾನು ದಿನಾ ನೋಡುತ್ತಿದ್ದೆ, ಗಟ್ಟಿ ಎತ್ತಿನ ಲಕ್ಷಣವೆಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ತಮ್ಮ ಮೇಲಿನ ನನ್ನ ದೂರನ್ನು ಹಿಂತೆಗೆದುಕೊಳ್ಳಲು ಅನುಮತಿ ಕೊಡಬೇಕು. ತಾವು ನನ್ನನ್ನು ನಂಬಿಸಿದಿರೆಂದು ಮೇಲೆ ಬರೆದದ್ದು ಸುಳ್ಳು, ನನ್ನ ತಪ್ಪನ್ನು ದಿನಾ ತಿಳಿಸಿದ್ದೀರಿ, ದಿನಾ ನಾನೇ ಹಗ್ಗ ಜಗ್ಗಿ ವಜಾ ಮಾಡಿದ್ದೇನೆ. ಆಯ್ಕೆ ಸಮಿತಿಯ ಅಧ್ಯಕ್ಷ ಪದವಿ ಈಗ ತೆರವಾಗಿದೆ, ತಾವು ಅದನ್ನು ಸ್ವೀಕರಿಸಿ, ಹುಡುಗರು ತಾವಾಗಿ ಎಲ್ಲಿ ಹೋಗಿ ನಿಲ್ಲುತ್ತಾರೆಂದು ಮೆಲುಕಾಡುತ್ತ ನೋಡಬೇಕು, ಅಷ್ಟು ಸಾಕು. ಸಾಧ್ಯವಾದರೆ ಬದುವಿನ ಆಚೆಯವನೊಂದಿಗೆ ನನ್ನ ಪರವಾಗಿ ತಾವೇ ಮಾತು ಆರಂಭಿಸಬೇಕು, ನನಗೆ ಬಾಯಿ ಬರುತ್ತಿಲ್ಲ. ಕೆಳಗಿನ ಅಂಕಣದಲ್ಲೇ ನಿಂತು ಮಾತಾಡಿದ ಚೌಡವ್ವನಿಗೆ ಪಡಸಾಲೆಯ ಮೇಲೆ ಜಾಗ ಯಾವುದೆಂದು ಕೇಳುವುದು ಮಾತ್ರ ನನ್ನ ಕೆಲಸ, ಅದನ್ನು ತಮ್ಮ ಮೇಲೆ ಹೊರಿಸುವುದಿಲ್ಲ. ಮತ್ತು ಆ ಆರು ವರ್ಷಗಳನ್ನು ತಮಗೆ ಬಲಗಡೆಯಿಂದ ಮರಳಿ ಕೊಡುವ ದಾರಿ ಯಾವುದಾದರೂ ಇದ್ದರೆ, ಈ ಸಲ ಕೈ ಅಡ್ಡ ಹಿಡಿಯದೆ ಕೇಳುತ್ತೇನೆ.

ಇಂತು, ಇಷ್ಟು ದಿನ ತಪ್ಪು ಮಗ್ಗುಲಿನಿಂದ
ತಮ್ಮ ವಿಶ್ವಾಸಿ,
ಬಸವಣ್ಣೆಪ್ಪಗೌಡ
(ನಿವೃತ್ತ ಅಧ್ಯಕ್ಷ, ಕಬಡ್ಡಿ ಆಯ್ಕೆ ಸಮಿತಿ)

ತಾ.ಕ.: ಈ ಪತ್ರವನ್ನು ಅಂಟಿಸುವ ಮೊದಲು ನನ್ನ ಹೆಂಡತಿ ಸರೋಜವ್ವನಿಗೆ ಓದಿ ತೋರಿಸಿದೆ, ಮೆಚ್ಚುತ್ತಾಳೆಂದು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಛಲೋ ಬರದೀರಿ. ಇಪ್ಪತ್ತೊಂಬತ್ತು ವರ್ಷ ಆತು, ಬಂಡ್ಯಾಗ ನನ್ನ ಹಿಂದಕ ಮಾರಿ ಮಾಡಿ ಕುಂದರಸ್ತೀರಿ. ಬಂದ ದಾರೀನ ನೋಡಕೋತ ಹೊಂಟೇನಿ” ಎಂದಳು. ಹಿಂದಕ್ಕೆ ಮುಖ ಮಾಡಿ ಕೂರುವುದು ಅವಳಿಗೆ ಇಷ್ಟವೆಂದು ನಾನು ತಿಳಿದಿದ್ದೆ. ಆದ್ದರಿಂದ ಬರುವ ಸಂತೆಗೆ ಬಂಕಾಪುರಕ್ಕೆ ಬಂಡಿ ಹೊಡೆಯುವವಳು ಅವಳು. ತಾವು ಬಲಕ್ಕೆ, ಬಿಳಿಯ ಅವರು ಎಡಕ್ಕೆ. ನನಗೆ ಯಾವ ಜಾಗ ಇಷ್ಟವೆಂದು ಯಾರೂ ಕೇಳಿಲ್ಲ.